ತೂತು ಕೊರೆಯುವಾಗ ಯಾವ ಕೂಲೆಂಟ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನ ವರ್ಕ್‌ಶಾಪುಗಳಿಂದ ಮತ್ತು ಕಾಫಿ ತೋಟಗಳ ರಿಪೇರಿ ಶೆಡ್‌ಗಳಿಂದ ಬಂದವು. ಲೋಹಕ್ಕೆ ತೂತು ಕೊರೆಯುವಾಗ ಯಾವ ಕೂಲೆಂಟ್ (ತಂಪು ಮಾಡಿ ಜಾರಿಸುವ ದ್ರವ) ಹಾಕಬೇಕು, ಹೇಗೆ ಹಾಕಬೇಕು ಎಂಬುದೇ ಎಲ್ಲರ ಪ್ರಶ್ನೆ. ಒಂದನ್ನೊಂದು ಹೋಲುವ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರಾಲಿ ಕೆಲಸ ಮಾಡುತ್ತೇವೆ. ಪಿಲ್ಲರ್ ಡ್ರಿಲ್‌ನಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟಿಗೆ ಹೆಚ್ಚಾಗಿ 10 ಮಿ.ಮೀ. ತೂತು. ಹಾಲಿನಂತಹ ಸೊಲ್ಯೂಬಲ್ ಆಯಿಲ್ ನೀರೇ ಸಾಕು ಅಂತ ಕೆಲವರು, ನೀರು ಬೆರೆಸದ ಕಟಿಂಗ್ ಆಯಿಲ್ಲೇ ಬೇಕು ಅಂತ ಕೆಲವರು. ಯಾವುದು ಸರಿ?
– ಸುಂಟಿಕೊಪ್ಪದ ಓದುಗರು

ಎಂಎಸ್‌ಗೆ ಸೊಲ್ಯೂಬಲ್ ಆಯಿಲ್ (ನೀರಿನಲ್ಲಿ ಬೆರೆಯುವ ಎಣ್ಣೆ) ಸಾಕು. ಏಕೆ ಎಂಬುದು ತಿಳಿದರೆ ಉಳಿದ ಲೋಹಗಳ ವಿಷಯದಲ್ಲೂ ನೀವೇ ತೀರ್ಮಾನಿಸಬಹುದು.

ಕೂಲೆಂಟ್‌ಗೆ ಬಿಟ್ಟಿನ ಮೊನೆಯಲ್ಲಿ ಎರಡು ಕೆಲಸವಿದೆ. ಕೊರೆಯುವಾಗ ಹುಟ್ಟುವ ಬಿಸಿಯನ್ನು ಹೊತ್ತೊಯ್ಯುವುದು ಒಂದು, ಚಿಪ್ಸು (ಕೊರೆದಾಗ ಬರುವ ಲೋಹದ ಸುರುಳಿ, ಚೂರು) ಬಿಟ್ಟಿನ ಮೈಗೆ ಉಜ್ಜಿ ಅಂಟದಂತೆ ಜಾರಿಸುವುದು ಇನ್ನೊಂದು. ಒಂದೇ ತೂಕದ ನೀರು ಮತ್ತು ಎಣ್ಣೆ ತೆಗೆದುಕೊಂಡರೆ ನೀರು ಸುಮಾರು ಇಮ್ಮಡಿ ಬಿಸಿ ಹೀರುತ್ತದೆ. ಆದರೆ ಅದಕ್ಕೆ ಜಾರಿಸುವ ಗುಣವಿಲ್ಲ, ಮೇಲಿಂದ ತುಕ್ಕು ಬೇರೆ. ಎಣ್ಣೆ ಚೆನ್ನಾಗಿ ಜಾರಿಸುತ್ತದೆ, ತಂಪು ಮಾಡುವುದು ಕಡಿಮೆ. ಹಾಗಾಗಿ ಲೋಹ ಮೆದುವಾಗಿದ್ದು ವೇಗ ಹೆಚ್ಚಿದ್ದಲ್ಲಿ ನೀರು ಹೆಚ್ಚಿರುವ ಕೂಲೆಂಟ್ ಗೆಲ್ಲುತ್ತದೆ. ಲೋಹ ಗಡಸು ಅಥವಾ ಜಿಗುಟಾಗಿದ್ದು, ವೇಗ ಇಳಿಸಿ ಒತ್ತಿ ಕೊರೆಯಬೇಕಾದಲ್ಲಿ ಎಣ್ಣೆ ಗೆಲ್ಲುತ್ತದೆ. ಎಂಎಸ್ ಮೊದಲನೆಯ ಗುಂಪಿಗೆ ಸೇರಿದ್ದು.

ಮಿಶ್ರಣ ಶೇ. 5 ಇರಲಿ: 20 ಲೀಟರ್ ನೀರಿಗೆ 1 ಲೀಟರ್ ಎಣ್ಣೆ. ಬಕೆಟ್ಟಿಗೆ ಮೊದಲು ನೀರು ಹಾಕಿ, ಕಲಕುತ್ತಾ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಎಣ್ಣೆಯ ಮೇಲೆ ನೀರು ಸುರಿದರೆ ಮಿಶ್ರಣ ತಿರುಗುಮುರುಗಾಗಿ, ಮೊಸರಿನಂತೆ ಗಂಟುಗಂಟಾಗುತ್ತದೆ. ಆಮೇಲೆ ಎಷ್ಟು ಕಲಕಿದರೂ ಅದು ಸರಿಹೋಗುವುದಿಲ್ಲ.

ವೇಗ ತಪ್ಪಿದ್ದರೆ ಯಾವ ಕೂಲೆಂಟೂ ಬಿಟ್ಟನ್ನು ಉಳಿಸುವುದಿಲ್ಲ. ಲೆಕ್ಕ ಸುಲಭ: 318ನ್ನು ಕೊರೆಯುವ ವೇಗದಿಂದ (ಬಿಟ್ಟಿನ ಹೊರ ಅಂಚು ಲೋಹದ ಮೇಲೆ ಸಾಗುವ ವೇಗ) ಗುಣಿಸಿ, ಬಿಟ್ಟಿನ ವ್ಯಾಸದಿಂದ ಭಾಗಿಸಿ. ವೇಗ ನಿಮಿಷಕ್ಕೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿ, ವ್ಯಾಸ ಮಿಲಿಮೀಟರ್‌ನಲ್ಲಿ ಇರಬೇಕು. ಹೈಸ್ಪೀಡ್ ಸ್ಟೀಲ್ ಬಿಟ್ಟಿಗೆ ಎಂಎಸ್‌ನಲ್ಲಿ 25 ಮೀಟರ್ ಹಿಡಿದರೆ, 10 ಮಿ.ಮೀ. ಬಿಟ್ಟಿಗೆ ಸುಮಾರು 800 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು). ಚಿಪ್ಸು ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ, ಬಿಟ್ಟಿನ ಎರಡೂ ಸುರುಳಿ ತೋಡುಗಳಿಂದ ಒಂದೇ ಸಮನಾಗಿ ಬರುತ್ತಿದ್ದರೆ ಎಲ್ಲ ಸರಿಯಿದೆ. ನೀಲಿಗೆ ತಿರುಗಿದರೆ ಬಿಸಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ ಎಂದರ್ಥ, ವೇಗ ಇಳಿಸಿ. ಒಂದೇ ತೋಡಿನಿಂದ ಚಿಪ್ಸು ಬರುತ್ತಿದ್ದರೆ ತಪ್ಪು ಸಾಣೆಯದು, ಕೂಲೆಂಟ್‌ದಲ್ಲ.

ಪ್ರಶ್ನೆ: ಕಾಫಿ ತೊಳೆಯುವ ಸ್ಟೇನ್‌ಲೆಸ್ ಟ್ಯಾಂಕಿಗೆ, ಅದರ ಫ್ಲ್ಯಾಂಜಿಗೆ ತೂತು ಹಾಕಬೇಕು. ಕೈ ಡ್ರಿಲ್‌ನಲ್ಲಿ 6 ಮಿ.ಮೀ. ಬಿಟ್ ಹಾಕಿದರೆ ಒಂದು ಮಿಲಿಮೀಟರ್ ಇಳಿದು ನಿಂತೇಬಿಡುತ್ತದೆ. ಕೀಚು ಸದ್ದು, ಹೊಗೆ, ಬಿಟ್ಟಿನ ಮೊನೆ ಹೋಗಿರುತ್ತದೆ. ಸೊಲ್ಯೂಬಲ್ ಆಯಿಲ್ ಚಿಮುಕಿಸುತ್ತಲೇ ಇದ್ದೆವು. ಏನು ತಪ್ಪಾಯಿತು?
– ಸಿದ್ದಾಪುರದ ಓದುಗರು

ಬಂದ ಪತ್ರಗಳಲ್ಲಿ ಅತಿ ಹೆಚ್ಚು ಇದೇ ದೂರು. ಇಲ್ಲಿ ಮೂರು ತಪ್ಪು ಒಟ್ಟಿಗೆ ಸೇರಿವೆ.

ಮೊದಲನೆಯದು ವೇಗ. 304 ಎಂಬ ದರ್ಜೆಯ ಸ್ಟೇನ್‌ಲೆಸ್‌ಗೆ ನಿಮಿಷಕ್ಕೆ 10ರಿಂದ 12 ಮೀಟರ್ ಸಾಕು, 6 ಮಿ.ಮೀ. ಬಿಟ್ಟಿಗೆ ಅದು 530ರಿಂದ 640 ಆರ್‌ಪಿಎಂ. ಕೈ ಡ್ರಿಲ್ 2,600 ಆರ್‌ಪಿಎಂನಲ್ಲಿ ತಿರುಗಿದರೆ ವೇಗ 49 ಮೀಟರ್‌ಗೆ ಏರುತ್ತದೆ, ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಎಂಎಸ್‌ನಷ್ಟು ಬೇಗ ಸ್ಟೇನ್‌ಲೆಸ್ ಬಿಸಿಯನ್ನು ಸಾಗಿಸುವುದೂ ಇಲ್ಲ, ಅದರ ಮೂರನೇ ಒಂದು ಪಾಲು ಮಾತ್ರ. ಹುಟ್ಟಿದ ಬಿಸಿ ಪ್ಲೇಟಿಗೆ ಹರಡದೆ ಬಿಟ್ಟಿನ ಮೊನೆಯಲ್ಲೇ ಕೂರುತ್ತದೆ.

ಎರಡನೆಯದು ಒತ್ತಡ. ಬಿಟ್ ಕೊರೆಯದೆ ಬರಿದೇ ಉಜ್ಜಿದರೆ 304ರ ಮೇಲ್ಮೈ ಅಲ್ಲೇ ಗಡಸಾಗುತ್ತದೆ. ನೀವು ಕೇಳಿದ ಕೀಚು ಸದ್ದು ಅದೇ. ಗಡಸಾದ ಆ ಪದರದ ಮೇಲೆ ಬಿಟ್ ಮತ್ತೆ ಜಾರುತ್ತದೆ, ಪದರ ಇನ್ನಷ್ಟು ಗಡಸಾಗುತ್ತದೆ.

ಮೂರನೆಯದು ಕೂಲೆಂಟ್. ಶೇ. 5ರ ಮಿಶ್ರಣದಲ್ಲಿ ಇಲ್ಲಿಗೆ ಬೇಕಾದ ಜಾರಿಕೆ ಇಲ್ಲ. ಗಂಧಕ ಅಥವಾ ಕ್ಲೋರಿನ್ ಸೇರಿಸಿದ ಕಟಿಂಗ್ ಆಯಿಲ್ ಬೇಕು. ಮೊನೆಯ ಬಿಸಿಗೂ ಒತ್ತಡಕ್ಕೂ ಸಾದಾ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಗಂಧಕ, ಕ್ಲೋರಿನ್‌ಗಳಾದರೆ ಆ ಬಿಸಿಯಲ್ಲೇ ಲೋಹದ ಜೊತೆ ಸೇರಿ ತೆಳುವಾದ ಒಂದು ಪೊರೆ ಕಟ್ಟುತ್ತವೆ, ಚಿಪ್ಸು ಬಿಟ್ಟಿಗೆ ಬೆಸೆದುಕೊಳ್ಳದಂತೆ ತಡೆಯುತ್ತವೆ. ಪಂಪು ಇರುವ ಪಿಲ್ಲರ್ ಡ್ರಿಲ್ ಇದ್ದು ಸೊಲ್ಯೂಬಲ್ ಆಯಿಲ್ಲನ್ನೇ ಬಳಸುವುದಾದರೆ ಮಿಶ್ರಣವನ್ನು ಶೇ. 10ಕ್ಕೆ ಏರಿಸಿ, ಧಾರೆ ಒಂದು ಕ್ಷಣವೂ ತಪ್ಪದಂತೆ ನೋಡಿಕೊಳ್ಳಿ.

ಕೆಲಸ ಹೀಗೆ ಮಾಡಿ. 135 ಡಿಗ್ರಿ ಮೊನೆಯ ಕೋಬಾಲ್ಟ್ ಬಿಟ್ ತನ್ನಿ. ಎಂ35 ಎಂಬ ಗುರುತಿದ್ದರೆ ಶೇ. 5 ಕೋಬಾಲ್ಟ್. ಸೆಂಟರ್ ಪಂಚನ್ನು (ತೂತಿನ ಜಾಗ ಗುರುತಿಸುವ ಚೂಪು ಉಳಿ) ಹಗುರವಾಗಿ ಒಮ್ಮೆ ಮಾತ್ರ ಹೊಡೆಯಿರಿ, ಜೋರಾಗಿ ಹೊಡೆದರೆ ಆ ಜಾಗವೇ ಗಡಸಾಗುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ಬಿಟ್ಟನ್ನು ಮೊದಲೇ ಒತ್ತಿ ಹಿಡಿದು, ಆಮೇಲೆ ಸ್ವಿಚ್ ಅದುಮಿ. ಸುರುಳಿ ಬರತೊಡಗಿತೆಂದರೆ ಕೈ ಸಡಿಲಿಸಬೇಡಿ. ಎರಡು ಮೂರು ಸೆಕೆಂಡಿಗೊಂದು ಹನಿ ಬೀಳುತ್ತಿರಲಿ. ಬಿಟ್ಟನ್ನು ತೆಗೆಯಬೇಕಾದರೆ ತಿರುಗುತ್ತಿರುವಾಗಲೇ ಸರಕ್ಕನೆ ಮೇಲೆತ್ತಿ, ಇಳಿಸುವಾಗಲೂ ಒತ್ತಿಕೊಂಡೇ ಇಳಿಸಿ. ಒತ್ತದೆ ತಳದಲ್ಲಿ ಸುಮ್ಮನೆ ತಿರುಗಿಸುವುದೇ ದೊಡ್ಡ ಹಾನಿ. 4, 5, 6 ಎಂದು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುವ ಅಭ್ಯಾಸವೂ ಇಲ್ಲಿ ಬೇಡ. ಹಿಂದಿನ ಬಿಟ್ ಗಡಸು ಮಾಡಿಟ್ಟ ಗೋಡೆಗೆ ಮುಂದಿನ ಬಿಟ್ಟಿನ ಅಂಚುಗಳು ತಾಗಿ ಸವೆಯುತ್ತವೆ.

ಈಗಾಗಲೇ ಗಡಸಾಗಿ ನಿಂತ ತೂತನ್ನು ಸಾಧ್ಯವಾದರೆ ಹಿಂಬದಿಯಿಂದ ಕೊರೆಯಿರಿ. ಟ್ಯಾಂಕಿನ 1.5 ಅಥವಾ 2 ಮಿ.ಮೀ. ಹಾಳೆಗೆ ಸ್ಟೆಪ್ ಡ್ರಿಲ್ (ಮೆಟ್ಟಿಲಿನಂತೆ ದಪ್ಪವಾಗುತ್ತ ಹೋಗುವ ಬಿಟ್) ಒಳ್ಳೆಯದು; ಹಿಂದೆ ಮರದ ತುಂಡು ಒತ್ತಿಹಿಡಿದರೆ ಬಿಟ್ ಕಚ್ಚಿಕೊಳ್ಳುವುದಿಲ್ಲ. ಕೆಲಸ ಮುಗಿದ ಮೇಲೆ ಕ್ಲೋರಿನ್ ಇರುವ ಎಣ್ಣೆಯನ್ನು ಪೂರ್ತಿ ತೊಳೆದು ತೆಗೆಯಲೇಬೇಕು. ಅದನ್ನು ಹಾಗೇ ಉಳಿಸಿ ವೆಲ್ಡಿಂಗ್ ಮಾಡಿದರೆ ಕಣ್ಣು, ಗಂಟಲು ಉರಿಸುವ ಹೊಗೆ ಏಳುತ್ತದೆ, ಸ್ಟೇನ್‌ಲೆಸ್‌ಗೂ ಒಳ್ಳೆಯದಲ್ಲ. ಕಾಫಿ ಬೀಜ ತಾಗುವ ಜಾಗವೆಂದ ಮೇಲೆ ಎಣ್ಣೆ ವಾಸನೆ ಉಳಿಯಲೂ ಬಾರದು. ಸೋಪಿನ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಎಂಎಸ್ ಚಿಪ್ಸು ಸ್ಟೇನ್‌ಲೆಸ್ ಮೇಲೆ ಬಿದ್ದಿದ್ದರೆ ಅದನ್ನೂ ಗುಡಿಸಿಬಿಡಿ. ನಮ್ಮ ಮಳೆಗಾಲದ ತೇವಕ್ಕೆ ಮಾರನೇ ದಿನವೇ ತುಕ್ಕಿನ ಚುಕ್ಕೆ ಮೂಡುತ್ತದೆ.

ಪ್ರಶ್ನೆ: ಕೂಲೆಂಟ್ ಧಾರಾಳವಾಗಿ ಸುರಿದರೂ ಆಳದ ತೂತಿನಲ್ಲಿ ಬಿಟ್ ಸುಡುತ್ತದೆ. ಎಂಎಸ್ ಶಾಫ್ಟಿಗೆ 8 ಮಿ.ಮೀ. ತೂತು, 60 ಮಿ.ಮೀ. ಆಳ.
– ವಿರಾಜಪೇಟೆಯ ಓದುಗರು

ನೀವು ಸುರಿದದ್ದು ಮೊನೆಗೆ ತಲುಪಿಲ್ಲ. ತೂತಿನ ಆಳ ವ್ಯಾಸದ ಮೂರು ಪಟ್ಟು ದಾಟಿದ ಮೇಲೆ ಮೇಲೇರಿ ಬರುವ ಚಿಪ್ಸು ಕೂಲೆಂಟನ್ನು ಹೊರಗೆ ತಳ್ಳುತ್ತದೆ. ಮೇಲೆ ಕೆರೆಯಂತೆ ತುಂಬಿದ್ದರೂ ತಳ ಒಣಗಿರುತ್ತದೆ. 24 ಮಿ.ಮೀ.ವರೆಗೆ ಒಂದೇ ಸಲ ಇಳಿಸಿ. ಅಲ್ಲಿಂದ 8 ಮಿ.ಮೀ.ಗೊಮ್ಮೆ, 45 ದಾಟಿದ ಮೇಲೆ 4 ಮಿ.ಮೀ.ಗೊಮ್ಮೆ ಬಿಟ್ಟನ್ನು ಪೂರ್ತಿ ಹೊರಗೆ ತೆಗೆದು, ತೋಡುಗಳನ್ನು ಬ್ರಷ್‌ನಿಂದ ಒರೆಸಿ, ತೂತಿನೊಳಗೆ ಕೂಲೆಂಟ್ ತುಂಬಿ ಮತ್ತೆ ಇಳಿಸಿ. ಅರ್ಧ ಎತ್ತಿ ಇಳಿಸಿದರೆ ಪ್ರಯೋಜನವಿಲ್ಲ, ಚಿಪ್ಸು ಮತ್ತೆ ತಳಕ್ಕೇ ಹೋಗುತ್ತದೆ. ಪಂಪಿನ ನಳಿಗೆಯನ್ನು ಬಿಟ್ಟಿನ ನಡುಮೈಗೆ ಗುರಿಯಿಡದೆ, ತೂತಿನ ಬಾಯಿಗೆ, ತೋಡಿನ ಜೊತೆ ಕೆಳಕ್ಕೆ ಹರಿಯುವ ಹಾಗೆ ತಿರುಗಿಸಿ.

ಕಾರ್ಬೈಡ್ ಬಿಟ್ ಬಳಸುವವರಿಗೆ ಒಂದು ಎಚ್ಚರಿಕೆ. ಅದಕ್ಕೆ ಕೂಲೆಂಟ್ ಹಾಕಿದರೆ ಮೊದಲಿಂದ ಕೊನೆಯವರೆಗೆ ಧಾರೆ ಇರಬೇಕು, ಇಲ್ಲವಾದರೆ ಹಾಕಲೇಬಾರದು. ಕಾದ ಮೊನೆಗೆ ಆಗಾಗ ಚಿಮುಕಿಸಿದರೆ ಕೂದಲೆಳೆಯ ಬಿರುಕು ಬಿಟ್ಟು ಅಂಚು ಉದುರುತ್ತದೆ.

ಪ್ರಶ್ನೆ: ತೋಟದಲ್ಲಿ ಕಟಿಂಗ್ ಆಯಿಲ್ ಸಿಗುವುದಿಲ್ಲ. ಸುಟ್ಟ ಎಂಜಿನ್ ಆಯಿಲ್, ತೆಂಗಿನೆಣ್ಣೆ ಎರಡೂ ಇವೆ. ಹಿಂದೆ ಹಂದಿ ನೆಣವನ್ನೂ ಹಚ್ಚುತ್ತಿದ್ದರಂತೆ. ಯಾವುದಾಗಬಹುದು?
– ಪೊನ್ನಂಪೇಟೆ ಮತ್ತು ನಾಪೋಕ್ಲುವಿನಿಂದ ಬಂದ ಪತ್ರಗಳು

ಸುಟ್ಟ ಎಂಜಿನ್ ಆಯಿಲ್ ಖಂಡಿತ ಬೇಡ. ಎಂಜಿನ್ನಿನ ಬೇರಿಂಗ್‌ನಲ್ಲಿ ದಪ್ಪ ಪೊರೆಯಾಗಿ ನಿಲ್ಲಲು ಮಾಡಿದ ಎಣ್ಣೆ ಬಿಟ್ಟಿನ ಮೊನೆಯ ಒತ್ತಡಕ್ಕೆ ನಿಲ್ಲುವುದಿಲ್ಲ. ಅದರಲ್ಲಿ ಲೋಹದ ಪುಡಿ, ಮಸಿ ಎಲ್ಲ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಳಸಿದ ಎಂಜಿನ್ ಆಯಿಲ್ ಚರ್ಮದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವಸ್ತು. ದಿನವೂ ಕೈಗೆ ತಾಗುವ ಕೆಲಸಕ್ಕೆ ಅದನ್ನು ತರಲೇಬಾರದು.

ನೆಣದ ಮಾತು ನಿಜ. ಹಂದಿ ಕೊಬ್ಬಿನ ಎಣ್ಣೆ ಲೋಹಗೆಲಸದಲ್ಲಿ ಬಹುಕಾಲ ಪ್ರಮುಖ ಕಟಿಂಗ್ ಆಯಿಲ್ ಆಗಿತ್ತು. ಕೊಬ್ಬಿನ ಆಮ್ಲಗಳು ಲೋಹದ ಮೈಗೆ ಹಿಡಿದುಕೊಂಡು ಸೋಪಿನಂಥ ಪೊರೆ ಕಟ್ಟುತ್ತವೆ. ಕಡಿಮೆ ವೇಗದ ಕೆಲಸಕ್ಕೆ, ಅದರಲ್ಲೂ ಟ್ಯಾಪ್ ಹಾಕಲು (ತೂತಿನೊಳಗೆ ಬೋಲ್ಟಿನ ತಿರುಪು ಕೊರೆಯಲು) ಇದು ಈಗಲೂ ಒಳ್ಳೆಯದೇ. ಉಪ್ಪು ಸೋಕದ ನೆಣವನ್ನು ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒಂದು ಪಾಲಿಗೆ ಮೂರು ಪಾಲು ತೆಳುವಾದ ಮೆಷಿನ್ ಆಯಿಲ್ ಸೇರಿಸಿ. ಅಡುಗೆಗೆ ಬಳಸಿ ಉಳಿದದ್ದು ಬೇಡ, ಅದರಲ್ಲಿರುವ ಉಪ್ಪು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಕಮಟು ವಾಸನೆ ಬಂದರೆ ಎಸೆಯಿರಿ. ಹಳಸಿದ ಕೊಬ್ಬಿನ ಆಮ್ಲ ಹಿತ್ತಾಳೆ, ತಾಮ್ರವನ್ನು ಹಸಿರುಗಟ್ಟಿಸುತ್ತದೆ.

ತೆಂಗಿನೆಣ್ಣೆಯೂ ಇದೇ ಜಾತಿಯ ಕೆಲಸ ಮಾಡುತ್ತದೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುವುದರಿಂದ ಮಡಿಕೇರಿ ಕಡೆಯ ಬೆಳಗಿನ ಚಳಿಗೆ ಡಬ್ಬದಲ್ಲಿ ಹೆಪ್ಪುಗಟ್ಟಿರುತ್ತದೆ. ಕೈ ಡ್ರಿಲ್ಲಿಗೆ ಅದು ಅನುಕೂಲವೇ: ಬಿಟ್ಟನ್ನು ಆ ಗಟ್ಟಿ ಎಣ್ಣೆಗೆ ಒಮ್ಮೆ ಚುಚ್ಚಿ ತೆಗೆದರೆ ತೋಡಿನಲ್ಲಿ ಅಂಟಿಕೊಂಡು, ಕೊರೆಯುವ ಬಿಸಿಗೆ ಕರಗಿ ಮೊನೆಗಿಳಿಯುತ್ತದೆ. ಆದರೆ ಪಂಪಿನ ಟ್ಯಾಂಕಿಗೆ ಹಾಕಬೇಡಿ, ಪೈಪೆಲ್ಲ ಕಟ್ಟಿಕೊಳ್ಳುತ್ತದೆ. ಈ ಎರಡೂ ಹತ್ತಿಪ್ಪತ್ತು ತೂತಿನ ಕೆಲಸಕ್ಕೆ ಸರಿ. ದಿನವಿಡೀ ಕೊರೆಯುವವರು ಒಂದು ಲೀಟರ್ ಕಟಿಂಗ್ ಆಯಿಲ್ ತರಿಸಿಟ್ಟುಕೊಳ್ಳುವುದು ಲಾಭ.

ಪ್ರಶ್ನೆ: ಆನೆ ತಡೆಗೆ ಹಾಕುವ ಹಳೆಯ ರೈಲು ಕಂಬಿಗಳಿಗೆ ಜಾಗದಲ್ಲೇ ನಿಂತು 22 ಮಿ.ಮೀ. ತೂತು ಕೊರೆಯಬೇಕು. ಮ್ಯಾಗ್ನೆಟಿಕ್ ಡ್ರಿಲ್‌ಗೆ ಕೋರ್ ಕಟರ್ (ನಡು ಟೊಳ್ಳಾದ, ಅಂಚಿಗೆ ಹಲ್ಲಿರುವ ಬಿಟ್) ಹಾಕಿದ್ದೇವೆ. ಕಟರ್ ಹಲ್ಲು ಬೇಗ ಮುರಿಯುತ್ತದೆ.
– ತಿತಿಮತಿ ಕಡೆಯ ಓದುಗರು

ಇದನ್ನು ಎಂಎಸ್ ಎಂದುಕೊಂಡು ಕೊರೆಯುವುದೇ ತೊಂದರೆಯ ಮೂಲ. ರೈಲು ಕಂಬಿಯಲ್ಲಿ ಇಂಗಾಲ ಶೇ. 0.6ರಿಂದ 0.8ರವರೆಗೆ ಇರುತ್ತದೆ, ಎಂಎಸ್‌ನ ಮೂರು ನಾಲ್ಕು ಪಟ್ಟು. ವೇಗ ನಿಮಿಷಕ್ಕೆ 12 ಮೀಟರ್ ಇರಲಿ, 22 ಮಿ.ಮೀ. ಕಟರ್‌ಗೆ ಸುಮಾರು 175 ಆರ್‌ಪಿಎಂ. ಮೆಷಿನ್ನಿನಲ್ಲಿ ಗೇರ್ ಇದ್ದರೆ ಅತಿ ಕೆಳಗಿನ ಗೇರಿಗೆ ಹಾಕಿ.

ಕೋರ್ ಕಟರ್‌ಗೆ ಎಣ್ಣೆ ಒಳಗಿನಿಂದಲೇ ಹೋಗಬೇಕು. ನಡುವಿನ ಪೈಲಟ್ ಪಿನ್ ಒತ್ತಿದಾಗ ಅದರ ಸುತ್ತ ದಾರಿ ತೆರೆದು, ಬಾಟಲಿಯ ಎಣ್ಣೆ ಹಲ್ಲುಗಳಿಗೆ ಇಳಿಯುತ್ತದೆ. ಆದರೆ ನಿಲ್ಲಿಸಿದ ಕಂಬಿಗೆ ಮೆಷಿನ್ ಅಡ್ಡ ಹಿಡಿದಾಗ ಎಣ್ಣೆ ತಾನಾಗಿ ಇಳಿಯುವುದಿಲ್ಲ. ನೀವು ಬಾಟಲಿ ತುಂಬಿಸಿಟ್ಟಿದ್ದರೂ ಹಲ್ಲುಗಳು ಒಣಗಿಯೇ ತಿರುಗಿರುತ್ತವೆ. ಅಡ್ಡ ಕೆಲಸಕ್ಕೆ ಒತ್ತಡದ ಬಾಟಲಿ ಬೇಕು, ಇಲ್ಲವೇ ಕಟಿಂಗ್ ಪೇಸ್ಟನ್ನು ಕಟರಿನ ಒಳಕ್ಕೆ ಮೆತ್ತಿ, ಹೊರಗಿನ ತೋಡುಗಳಿಗೂ ಹಚ್ಚಿ ಶುರುಮಾಡಿ. ಕೊರೆಯುವ ಜಾಗದ ತುಕ್ಕನ್ನು ಗ್ರೈಂಡರ್‌ನಿಂದ ಮೊದಲು ತೆಗೆಯಿರಿ. ತುಕ್ಕಿನ ಪುಡಿ ಎಣ್ಣೆಗೆ ಸೇರಿ ಹಲ್ಲು ಸವೆಸುತ್ತದೆ. ಕಂಬಿಯ ನಡುಪಟ್ಟಿ ಅಗಲ ಕಡಿಮೆ, ಸಮತಟ್ಟಾಗಿಯೂ ಇಲ್ಲ, ಮ್ಯಾಗ್ನೆಟ್ ಪೂರ್ತಿ ಕೂರುವುದಿಲ್ಲ. ಕ್ಲ್ಯಾಂಪ್ ಬಿಗಿದು, ಸರಪಳಿಯನ್ನೂ ಕಟ್ಟಿ. ಮೆಷಿನ್ ಕೂದಲೆಳೆಯಷ್ಟು ಅಲುಗಿದರೂ ಹಲ್ಲು ಹೋಗುತ್ತದೆ.

ಸಾಧ್ಯವಿದ್ದರೆ ಕಂಬಿಯನ್ನು ನೆಲದ ಮೇಲೆ ಮಲಗಿಸಿ, ಮೇಲಿನಿಂದ ಕೊರೆದು, ಆಮೇಲೆ ನಿಲ್ಲಿಸಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಬೀಡುಕಬ್ಬಿಣದ ಭಾಗಕ್ಕೆ ಯಾವ ಎಣ್ಣೆ?
– ಸೋಮವಾರಪೇಟೆಯ ಓದುಗರು

ಯಾವುದೂ ಬೇಡ. ಬೀಡುಕಬ್ಬಿಣದೊಳಗೆ ಗ್ರಾಫೈಟ್ ಪದರಗಳಿವೆ, ಜಾರಿಸುವ ಕೆಲಸವನ್ನು ಅವೇ ಮಾಡುತ್ತವೆ. ಅದರ ಚಿಪ್ಸು ಪುಡಿಯಾಗಿ ಬರುತ್ತದೆ. ಎಣ್ಣೆ ಹಾಕಿದರೆ ಆ ಪುಡಿ ಅರೆಯುವ ಪೇಸ್ಟ್ ಆಗಿ ಬಿಟ್ಟಿನ ಅಂಚನ್ನೂ ಮೆಷಿನ್ನಿನ ಸ್ಲೈಡನ್ನೂ ತಿನ್ನುತ್ತದೆ. ಒಣಗಿಸಿಯೇ ಕೊರೆದು ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಬಾಯಲ್ಲಿ ಊದಬೇಡಿ. ಹಿತ್ತಾಳೆಯ ಬುಶ್‌ಗೂ ಒಣ ಕೊರೆತವೇ ಸಾಕು. ಗಂಧಕದ ಎಣ್ಣೆ ಹಾಕಿದರೆ ಹಿತ್ತಾಳೆ, ತಾಮ್ರ ಎರಡೂ ಕಪ್ಪಾಗುತ್ತವೆ. ಪಲ್ಪರ್ ಡ್ರಮ್ಮಿನ ತಾಮ್ರದ ಹಾಳೆಗೆ ತೂತು ಹಾಕುವವರು ಇದನ್ನು ನೆನಪಿಡಿ.

ಅಲ್ಯೂಮಿನಿಯಂ ಬಗ್ಗೆಯೂ ಕೆಲವರು ಕೇಳಿದ್ದಾರೆ. ಅದು ಬಿಟ್ಟಿನ ಅಂಚಿಗೆ ಮೆತ್ತಿಕೊಂಡು ತೂತನ್ನು ದೊಡ್ಡದು ಮಾಡುತ್ತದೆ. ಸೀಮೆಎಣ್ಣೆ ಅಥವಾ ತೆಳುವಾದ ಎಣ್ಣೆ ಕೆಲವು ಹನಿ ಸಾಕು. ಸೀಮೆಎಣ್ಣೆ ಬಳಸುವಾಗ ಹತ್ತಿರದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ನಡೆಯುತ್ತಿರಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಕೂಲೆಂಟ್ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮಳೆನೀರು ಹಾಕಿದರೆ ನೊರೆ ಉಕ್ಕುತ್ತದೆ. ಕೊರೆದಿಟ್ಟ ಸಾಮಾನಿಗೆ ತುಕ್ಕು. ಕೈಗೆ ತುರಿಕೆ. ಹಳೆಯದನ್ನು ಎಲ್ಲಿ ಚೆಲ್ಲಬೇಕು?
– ಕುಶಾಲನಗರ ಮತ್ತು ಮಡಿಕೇರಿಯಿಂದ ಬಂದ ಪತ್ರಗಳು

ವಾಸನೆಯಿಂದ ಶುರುಮಾಡೋಣ. ಮೆಷಿನ್ನಿನಿಂದ ಸೋರಿದ ಎಣ್ಣೆ ಟ್ಯಾಂಕಿನ ಮೇಲೆ ಪದರ ಕಟ್ಟಿ ಗಾಳಿಯನ್ನು ತಡೆಯುತ್ತದೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಅದರಡಿಯಲ್ಲಿ ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಕರೆಂಟು ಹೋಗಿ ಎರಡು ಮೂರು ದಿನ ಪಂಪು ನಿಂತರೆ ಇದು ಇನ್ನೂ ಬೇಗ. ಮೇಲಿನ ಎಣ್ಣೆಯನ್ನು ವಾರಕ್ಕೊಮ್ಮೆ ಬಟ್ಟೆಯಲ್ಲಿ ಹೀರಿ ತೆಗೆಯಿರಿ. ಕೆಲಸವಿಲ್ಲದ ದಿನವೂ ಅರ್ಧ ಗಂಟೆ ಪಂಪು ತಿರುಗಿಸಿ. ಮೀನಿನ ತೊಟ್ಟಿಯ ಸಣ್ಣ ಗಾಳಿ ಪಂಪು ಇಟ್ಟರೂ ಆದೀತು. ಪಿಎಚ್ ಪಟ್ಟಿಯಲ್ಲಿ ನೋಡಿದರೆ 8.5ರಿಂದ 9.5ರ ನಡುವೆ ಇರಬೇಕು. ಅದಕ್ಕಿಂತ ಇಳಿದು ವಾಸನೆ ಹಿಡಿದಿದ್ದರೆ ಪೂರ್ತಿ ಖಾಲಿ ಮಾಡಿ, ಮೂಲೆಯ ಕೆಸರು ಕೆರೆದು, ತೊಳೆದು ಹೊಸದು ತುಂಬಿ. ಹಳೆಯದು ಸ್ವಲ್ಪ ಉಳಿದರೂ ಹೊಸದನ್ನು ಕೆಡಿಸುತ್ತದೆ. ಬ್ಲೀಚಿಂಗ್ ಪೌಡರ್ ಹಾಕಬೇಡಿ, ಅದು ಮಿಶ್ರಣವನ್ನು ಒಡೆದು ಮೆಷಿನ್ನಿಗೆ ತುಕ್ಕು ಹಿಡಿಸುತ್ತದೆ.

ನೊರೆಗೆ ಕಾರಣ ಮಳೆನೀರಿನ ಮೃದುತನ. ಸೋಪು ಮಳೆನೀರಿನಲ್ಲಿ ಹೆಚ್ಚು ನೊರೆ ಬರುವುದೂ ಇದೇ ಕಾರಣಕ್ಕೆ. ಅರ್ಧ ಬೋರ್‌ವೆಲ್ ನೀರು ಸೇರಿಸಿ ನೋಡಿ. ಪೂರ್ತಿ ಗಡಸು ನೀರಾದರೆ ಎಣ್ಣೆ ಒಡೆದು ಕೆನೆ ಕಟ್ಟುತ್ತದೆ, ಅದೂ ಬೇಡ. ಟ್ಯಾಂಕಿನ ಮಟ್ಟ ಇಳಿದು ಪಂಪು ಗಾಳಿ ಎಳೆಯುತ್ತಿದ್ದರೂ ನೊರೆ ಬರುತ್ತದೆ, ಮೊದಲು ಅದನ್ನು ಪರೀಕ್ಷಿಸಿ.

ತುಕ್ಕು ಬರುವುದು ಮಿಶ್ರಣ ಶೇ. 3ಕ್ಕಿಂತ ತೆಳುವಾದಾಗ, ತುರಿಕೆ ಹೆಚ್ಚಾಗಿ ತೀರಾ ದಪ್ಪವಾದಾಗ. ಎರಡಕ್ಕೂ ಮದ್ದು ಅಳತೆ. ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಒಂದಿರಲಿ. ಒಂದು ಹನಿ ಗಾಜಿನ ಮೇಲೆ ಬಿಟ್ಟು ಓದಿದ ಅಂಕಿಯನ್ನು ಎಣ್ಣೆ ಡಬ್ಬದ ಮೇಲಿರುವ ಗುಣಕದಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. ಆವಿಯಾಗುವುದು ನೀರು ಮಾತ್ರವಾದರೂ ಚಿಪ್ಸು, ಸಾಮಾನುಗಳ ಜೊತೆ ಎಣ್ಣೆಯೂ ಹೋಗುತ್ತಿರುತ್ತದೆ. ಹಾಗಾಗಿ ಕಡಿಮೆಯಾದಾಗ ಬರೀ ನೀರು ಸುರಿಯದೆ 40 ಲೀಟರ್‌ಗೆ 1 ಲೀಟರ್ ಲೆಕ್ಕದ ತೆಳು ಮಿಶ್ರಣ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊರೆದ ಸಾಮಾನನ್ನು ಅಂದೇ ಒರೆಸಿ ತೆಳುವಾಗಿ ಎಣ್ಣೆ ಸವರಿಡಿ. ತುರಿಕೆಗೆ ಹೆದರಿ ಗ್ಲೌಸ್ ಹಾಕಿಕೊಂಡು ಡ್ರಿಲ್ ಮುಂದೆ ನಿಲ್ಲಬೇಡಿ, ಬಿಟ್ಟಿಗೆ ಸುತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಕೆಲಸಕ್ಕೆ ಮೊದಲು ಬ್ಯಾರಿಯರ್ ಕ್ರೀಮ್ ಹಚ್ಚಿ, ಮುಗಿದ ಮೇಲೆ ಸೋಪಿನಿಂದ ತೊಳೆಯಿರಿ.

ಚೆಲ್ಲುವ ವಿಷಯಕ್ಕೆ ಬಂದರೆ, ತೋಡಿಗೂ ಗದ್ದೆಗೂ ಚರಂಡಿಗೂ ಬಿಡಬಾರದು. ನಮ್ಮ ಬಹುಪಾಲು ತೋಡುಗಳ ನೀರು ಕಾವೇರಿಗೇ ಸೇರುತ್ತದೆ. ಬಳಸಿದ ಎಣ್ಣೆ ಮತ್ತು ಎಣ್ಣೆ ಇರುವ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿವೆ. ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿ, ಮಳೆ ಬೀಳದ ಕಡೆ ಇಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡಿ. ಸೊಲ್ಯೂಬಲ್ ಮಿಶ್ರಣವನ್ನೂ ಬರೀ ಎಣ್ಣೆಯನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ. ಬೇರೆ ಬೇರೆ ಇಟ್ಟರೆ ಎಣ್ಣೆಯನ್ನು ಶುದ್ಧೀಕರಿಸಿ ಮರುಬಳಕೆ ಮಾಡುವುದು ಸುಲಭ, ನೀರು ಬೆರೆತದ್ದನ್ನು ಯಾರೂ ಕೊಳ್ಳುವುದಿಲ್ಲ.